ನನ್ನ ಖಾಕಿ ಬಾಯ್ಲರ್ ಸೂಟು ಹೊಲಿದವರು

ಅವರ ಬಲಗೈ ತೋರುಬೆರಳಿನ ಉಗುರು ಎರಡಾಗಿ ಸೀಳಿ ಬೆಳೆದಿತ್ತು. ಕೆಲಸ ಕಲಿಯುವ ಕಾಲದಲ್ಲಿ ಮೆಷಿನ್ನಿನ ಸೂಜಿ ಉಗುರನ್ನು ತೂರಿಕೊಂಡು ಹೋಗಿತ್ತಂತೆ. ಆ ಸೀಳಿಗೆ ನೂಲನ್ನು ಸಿಕ್ಕಿಸಿಕೊಂಡು, ಕನ್ನಡಕವಿಲ್ಲದೆಯೇ ಸೂಜಿಗೆ ಪೋಣಿಸಿಬಿಡುತ್ತಿದ್ದರು. ಚಿಕ್ಕವಳಿದ್ದಾಗ ಅದನ್ನು ನೋಡಲಿಕ್ಕೆಂದೇ ನಾನು ಅಮ್ಮನ ಜೊತೆ ಹೋಗುತ್ತಿದ್ದೆ.

ಜಯನಗರ ಮೂರನೇ ಬ್ಲಾಕಿನಲ್ಲಿ, ನಮ್ಮ ಮನೆಯಿಂದ ಎರಡು ರಸ್ತೆ ಆಚೆ, ಬಾಡಿಗೆ ಮನೆಯ ಜಗುಲಿಯನ್ನೇ ಅಂಗಡಿ ಮಾಡಿಕೊಂಡಿದ್ದರು. ಬೀದಿಯ ಮಕ್ಕಳಿಗೆಲ್ಲ ಅವರು ಟೈಲರ್ ಮಾಮ. ಮನೆಮಾತು ಮರಾಠಿ. ಅಳತೆ ತೆಗೆಯುವಾಗ ಅಂಕಿಗಳನ್ನು ಮರಾಠಿಯಲ್ಲಿ ಗೊಣಗಿಕೊಂಡು, ಚೀಟಿಯಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದರು. ಟೇಪು ಕೈಗೆತ್ತಿಕೊಳ್ಳುವ ಮೊದಲು ಯಾರನ್ನೇ ಆಗಲಿ ಒಂದು ಮಾತು ಕೇಳುತ್ತಿದ್ದರು: "ಇದನ್ನ ಹಾಕ್ಕೊಂಡು ಏನ್ ಕೆಲ್ಸ ಮಾಡ್ತೀರಿ?" ನಮ್ಮಪ್ಪ ಹೈಸ್ಕೂಲ್ ಮೇಷ್ಟ್ರು. ಬೋರ್ಡಿನ ಮೇಲೆ ಬರೆಯಲು ಕೈ ಎತ್ತಿದಾಗ ಕೋಟು ಮೇಲೇಳಬಾರದೆಂದು ಬಲಗಂಕುಳಿನಲ್ಲಿ ಅರ್ಧ ಅಂಗುಲ ಸಡಿಲ ಬಿಡುತ್ತಿದ್ದರು. ಸಾರಕ್ಕಿಯಿಂದ ತರಕಾರಿ ಹೊತ್ತು ತರುವವರ ಅಂಗಿಗೆ ಹೆಗಲ ಮೇಲೆ ಇನ್ನೊಂದು ಪದರ ಕೂರಿಸಿ ಕೊಡುತ್ತಿದ್ದರು. ಯಾರೂ ಕೇಳಿರುತ್ತಿರಲಿಲ್ಲ.

ಅರವತ್ತರ ದಶಕದ ನಡುವೆ ನನಗೆ ಆಟೊಮೊಬೈಲ್ ಇಂಜಿನಿಯರಿಂಗಿಗೆ ಸೀಟು ಸಿಕ್ಕಿತು. ತರಗತಿಯಲ್ಲಿ ನಾನೊಬ್ಬಳೇ ಹುಡುಗಿ. ಲಾರಿ ರಿಪೇರಿ ಕಲಿತು ಮಗಳು ಏನು ಮಾಡುತ್ತಾಳೆ ಎಂದು ನೆಂಟರೂ ನೆರೆಯವರೂ ಅಪ್ಪನನ್ನು ಕೇಳುತ್ತಿದ್ದರು. ಅಪ್ಪನಿಗೂ ಉತ್ತರ ಗೊತ್ತಿರಲಿಲ್ಲ. ಬಸ್ಸಿನಲ್ಲಿ ಡ್ರೈವರಿನ ಪಕ್ಕದ ಆ ಬಿಸಿ ಡಬ್ಬದೊಳಗೆ ಏನು ನಡೆಯುತ್ತದೆಂದು ತಿಳಿಯಬೇಕೆಂಬ ಹಟ ಬಿಟ್ಟರೆ ನನ್ನ ಬಳಿಯೂ ಬೇರೆ ಉತ್ತರವಿರಲಿಲ್ಲ.

ವರ್ಕ್‌ಶಾಪಿಗೆ ಖಾಕಿ ಬಾಯ್ಲರ್ ಸೂಟು ಬೇಕಿತ್ತು. ಅಂಗಿ, ಪ್ಯಾಂಟು ಎರಡೂ ಸೇರಿ ಒಂದೇ ಆಗಿರುವ ಉಡುಪು. ಹುಡುಗರಿಗೆ ಅದು ಸಿದ್ಧವಾಗಿ ಸಿಗುತ್ತಿತ್ತು. ನನ್ನ ಅಳತೆಯದು ಊರಿನಲ್ಲೆಲ್ಲೂ ಇರಲಿಲ್ಲ. ಅಮ್ಮ ಬಟ್ಟೆ ತೆಗೆದುಕೊಂಡು ಟೈಲರ್ ಮಾಮನ ಬಳಿ ಕರೆದುಕೊಂಡು ಹೋದರು. ಅವತ್ತು ಅವರ ವಿಚಾರಣೆ ಬಹಳ ಹೊತ್ತು ನಡೆಯಿತು. ಅಲ್ಲಿ ಏನೇನು ತಿರುಗುತ್ತದೆ, ಎಷ್ಟು ಜೋರಾಗಿ, ನೀನು ಎಷ್ಟು ಹತ್ತಿರ ನಿಲ್ಲುತ್ತೀಯ ಎಂದೆಲ್ಲ ಕೇಳಿದರು. ನಾನು ಇಂಜಿನ್ನಿನ ಫ್ಯಾನು, ಅದನ್ನು ತಿರುಗಿಸುವ ಬೆಲ್ಟು ಎಂದು ಕೈ ತಿರುಗಿಸಿ ತೋರಿಸಿದೆ. ಹಾಗಿದ್ದರೆ ಅರ್ಧ ತೋಳು ಸಾಕು ಎಂದರು. ಅಮ್ಮ ಒಪ್ಪಲಿಲ್ಲ. ಅಷ್ಟು ಹುಡುಗರ ನಡುವೆ ಕೆಲಸ ಮಾಡುವವಳಿಗೆ ಮಣಿಕಟ್ಟಿನವರೆಗೂ ತೋಳು ಇರಲೇಬೇಕು. ಅವರು ಬಟ್ಟೆಯನ್ನು ಮಡಿಸಿಟ್ಟು, "ಆಯ್ತಮ್ಮಾ" ಎಂದರು.

ಸೂಟು ಚೆನ್ನಾಗಿಯೇ ಬಂತು. ಆದರೆ ಎರಡನೇ ವಾರದಲ್ಲಿ ಎಡದೋಳು ಬಾಗಿಲ ಚಿಲಕಕ್ಕೆ ಸಿಕ್ಕಿ, ಹೆಗಲಿನ ಹೊಲಿಗೆ ಪರ್ರನೆ ಬಿಚ್ಚಿ ಇಡೀ ತೋಳು ಕೈಗೆ ಇಳಿಯಿತು. ಹುಡುಗರು ನಕ್ಕರು. ಒಬ್ಬ ಸೇಫ್ಟಿ ಪಿನ್ನು ತಂದುಕೊಡಲೇ ಎಂದು ಕೇಳಿದ. ಮನೆಗೂ ಹೋಗದೆ ನೇರವಾಗಿ ಅಂಗಡಿಗೆ ಹೋಗಿ, ಅಳುತ್ತಲೇ, ಜೋಡಿ ನೂಲು ಹಾಕಿ ಗಟ್ಟಿಯಾಗಿ ಹೊಲಿದುಕೊಡಿ ಎಂದೆ. ಅವರು ತಲೆ ಎತ್ತಲಿಲ್ಲ. "ಬೇರೆ ಏನೇ ತಂದ್ರೂ ಮೂರ್ ಸಲ ಹೊಲೀತೀನಿ ಮಗೂ. ಈ ತೋಳಿಗೆ ಮಾತ್ರ ಇಷ್ಟೇ" ಎಂದರು. ಯಾಕೆಂದು ಕೇಳಿದರೆ ಸೂಜಿಗೆ ನೂಲು ಪೋಣಿಸತೊಡಗಿದರು. ಮತ್ತೆ ಅದೇ ತೆಳು ನೂಲಿನಲ್ಲಿ ಹೊಲಿದುಕೊಟ್ಟರು. ಮುಂದಿನ ಸೂಟು ಬೇರೆಯವರ ಹತ್ತಿರ ಹೊಲಿಸುತ್ತೇನೆಂದು ನಾನು ಅಮ್ಮನ ಮುಂದೆ ಕೂಗಾಡಿದೆ.

ಎರಡನೇ ವರ್ಷದಲ್ಲಿ ಇಂಜಿನ್ ಪಾಠ ಶುರುವಾಯಿತು. ಹಳೆಯ ಕಾರೊಂದರ ಇಂಜಿನನ್ನು ಕಬ್ಬಿಣದ ಸ್ಟ್ಯಾಂಡಿನ ಮೇಲೆ ಕೂರಿಸಿದ್ದರು. ಅದನ್ನು ಓಡಿಸಿ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬ್ಯುರೇಟರಿನ ಸ್ಕ್ರೂ ತಿರುಗಿಸಿ, ಸದ್ದು ಒಂದೇ ಸಮ ಬರುವಂತೆ ಮಾಡಬೇಕು. ನನ್ನ ಸರದಿ ಬಂದಾಗ ಸದ್ದು ಚೆನ್ನಾಗಿ ಕೇಳಲೆಂದು ಬಗ್ಗಿದೆ. ಬೆಲ್ಟು ನನ್ನ ಬಲದೋಳಿನ ತುದಿಯನ್ನು ಹಿಡಿಯಿತು. ಯಾರೋ ಕೈ ಹಿಡಿದು ಎಳೆದಂತಾಯಿತು, ಅಷ್ಟೇ. ಕಣ್ಣು ಬಿಟ್ಟಾಗ ನಾನು ನೆಲದ ಮೇಲೆ ಕೂತಿದ್ದೆ. ಮೊಣಕೈವರೆಗೆ ಚರ್ಮ ತರಚಿ ಉರಿಯುತ್ತಿತ್ತು. ಐದು ಬೆರಳೂ ಇದ್ದವು. ಹೆಗಲಿನ ಹೊಲಿಗೆ ಬಿಚ್ಚಿ ಕಿತ್ತುಹೋದ ಖಾಕಿ ತೋಳು ಫ್ಯಾನಿಗೆ ಸುತ್ತಿಕೊಂಡು ಚಿಂದಿಯಾಗಿತ್ತು. ಇನ್‌ಸ್ಟ್ರಕ್ಟರ್ ಓಡಿ ಬಂದು ಇಂಜಿನ್ ನಿಲ್ಲಿಸಿದರು.

ಮಾರನೆಯ ದಿನ ವಿಭಾಗದ ಮುಖ್ಯಸ್ಥರು ಅಪ್ಪನನ್ನು ಕರೆಸಿದರು. ಇದು ಹೆಣ್ಣುಮಕ್ಕಳ ಜಾಗವಲ್ಲ, ಸಿವಿಲ್ಲಿಗೆ ಬದಲಾಯಿಸಿಕೊಳ್ಳಲಿ, ಕೂತು ನಕ್ಷೆ ಬರೆಯಬಹುದು ಎಂದರು. ಅಪ್ಪ ಮನೆಗೆ ಬಂದು ಹಾಗೇ ಮಾಡೋಣ ಎಂದರು. ನಾನು ಊಟ ಬಿಟ್ಟೆ. ಸುದ್ದಿ ಬೀದಿಗೆಲ್ಲ ಹರಡಿತ್ತು. ಭಾನುವಾರ ಬೆಳಿಗ್ಗೆ ಟೈಲರ್ ಮಾಮ ಬಂದರು. ಕೂರಿ ಎಂದರೂ ಕೂರದೆ, ನನ್ನ ಕೈ ನೋಡಬೇಕು ಎಂದರು. ಬೆರಳುಗಳನ್ನು ಒಂದೊಂದಾಗಿ ಮುಟ್ಟಿ ನೋಡಿದರು.

ಆಮೇಲೆ ಅಪ್ಪನಿಗೆ ಹೇಳಿದರು. ಅವರೂ ಅವರ ಅಣ್ಣನೂ ಹರೆಯದಲ್ಲಿ ಬಟ್ಟೆ ಮಿಲ್ಲೊಂದರಲ್ಲಿ ಕೆಲಸಕ್ಕಿದ್ದರಂತೆ. ಅಣ್ಣನ ಅಂಗಿಯನ್ನು ಹೊಲಿದದ್ದು ಇವರೇ. ಬೇಗ ಹರಿಯಬಾರದೆಂದು ಜೋಡಿ ನೂಲು ಹಾಕಿ ಗಟ್ಟಿಯಾಗಿ ಹೊಲಿದಿದ್ದರು. ಒಂದು ದಿನ ಮಿಲ್ಲಿನ ಯಂತ್ರದ ಬೆಲ್ಟು ಆ ತೋಳನ್ನು ಹಿಡಿಯಿತು. ಹೊಲಿಗೆ ಬಿಡಲಿಲ್ಲ, ಅಣ್ಣನ ಕೈ ಉಳಿಯಲಿಲ್ಲ.

"ಕೈ ಉಳಿಯೋ ಹಾಗೆ ನಾನ್ ಹೊಲ್ಕೊಡ್ತೀನಿ ಸ್ವಾಮಿ. ಓದೋಕೆ ಬಿಡಿ" ಎಂದು ಹೇಳಿ ಅವರು ಮೆಟ್ಟಿಲಿಳಿದು ಹೋದರು.

ಸೋಮವಾರ ಅಪ್ಪ ಕಾಲೇಜಿಗೆ ಹೋಗಿ, ಮಗಳು ಅಲ್ಲೇ ಓದುತ್ತಾಳೆ ಎಂದು ಬರೆದುಕೊಟ್ಟು ಬಂದರು. ಈ ಸಲ ಸೂಟಿಗೆ ಅರ್ಧ ತೋಳು. ಅಮ್ಮ ಎದುರಾಡಲಿಲ್ಲ. ಇನ್‌ಸ್ಟ್ರಕ್ಟರ್ ಒಂದು ಸಂಜೆ ಅಂಗಡಿ ಹುಡುಕಿಕೊಂಡು ಬಂದು ಹೊಲಿಗೆ ನೋಡಿಕೊಂಡು ಹೋದರು. ಆ ತಿಂಗಳಿನಲ್ಲೇ ನನ್ನ ತರಗತಿಯ ಹುಡುಗರು ಒಬ್ಬೊಬ್ಬರಾಗಿ ತಮ್ಮ ಸೂಟು ಹಿಡಿದುಕೊಂಡು ಆ ಜಗುಲಿಗೆ ಬರತೊಡಗಿದರು. ಸೇಫ್ಟಿ ಪಿನ್ನಿನವನೂ ಬಂದ.

ಮುಂದಿನ ವರ್ಷ ಯಂತ್ರ ವಿನ್ಯಾಸದ ಪಾಠದಲ್ಲಿ ಶಿಯರ್ ಪಿನ್ ಬಂತು. ಭಾರ ಮಿತಿ ಮೀರಿದಾಗ ಮೊದಲು ತಾನು ಮುರಿದು ಉಳಿದ ಯಂತ್ರವನ್ನು ಕಾಪಾಡುವ ಸಣ್ಣ ಪಿನ್ನು ಅದು. ಸಂಜೆ ಹೋಗಿ ಅವರಿಗೆ ಹೇಳಿದೆ. ಎಷ್ಟು ಮೆತ್ತಗಿರಬೇಕೆಂದು ನೀವು ಹೇಗೆ ಗೊತ್ತುಮಾಡುತ್ತೀರಿ ಎಂದು ಕೇಳಿದರು. ನೋಟ್‌ಬುಕ್ಕಿನಲ್ಲಿ ಸೂತ್ರ ಬರೆದು ತೋರಿಸಿದೆ. ಗಮನವಿಟ್ಟು ಕೇಳಿ, "ನಾನು ಹತ್ತು ಥರ ನೂಲನ್ನ ಕಿತ್ತು ಕಿತ್ತು ನೋಡ್ದೆ" ಎಂದರು.

ನಾನು ಪಾಸಾಗಿ ಪಾಲಿಟೆಕ್ನಿಕ್ಕೊಂದರಲ್ಲಿ ಪಾಠ ಹೇಳುವ ಕೆಲಸಕ್ಕೆ ಸೇರುವ ಹೊತ್ತಿಗೆ ಅವರು ಅಂಗಡಿ ಮುಚ್ಚಿ, ತ್ಯಾಗರಾಜನಗರದ ಮಗಳ ಮನೆಯಲ್ಲಿ ಹಾಸಿಗೆ ಹಿಡಿದಿದ್ದರು. ನೋಡಲು ಹೋದಾಗ ಮಾತು ಕಡಿಮೆಯಾಗಿತ್ತು. ಕಾಫಿ ಕುಡಿದು ಏಳುವ ಹೊತ್ತಿಗೆ ಅವರೇ ತಡೆದರು.

"ಅವತ್ತು ಹುಡುಗ್ರು ನಕ್ರು ಅಂತ ಅಳ್ತಾ ಬಂದಿದ್ದೆ. ಕಾರಣ ಹೇಳ್ಬೋದಿತ್ತು. ಹೇಳಿದ್ರೆ ಹೆದರ್ಕೊಂಡು ಓದು ಬಿಟ್ಬಿಡ್ತೀಯೇನೋ ಅಂತ ಸುಮ್ನಾದೆ. ತಪ್ಪಾಯ್ತಾ ಮಗೂ?"

ಹೆದರುತ್ತಿರಲಿಲ್ಲ ಎನ್ನಬೇಕೆಂದು ಬಾಯಿ ತೆರೆದೆ. ಅವರ ಮುಂದೆ ಸುಳ್ಳು ಬರಲಿಲ್ಲ.

"ಇಲ್ಲ ಮಾಮ. ಹೇಳಿದ್ರೆ ಬಿಟ್ಬಿಡ್ತಿದ್ದೆ" ಎಂದೆ.

ಅವರು ಸಮಾಧಾನದಿಂದ ತಲೆ ಆಡಿಸಿ ಕಣ್ಣು ಮುಚ್ಚಿಕೊಂಡರು. ಹತ್ತು ದಿನದ ಮೇಲೆ ತೀರಿಕೊಂಡರು. ಅವರ ಮಗಳು ಹೇಳಿಕಳಿಸಿದಾಗ ನಾನು ವರ್ಕ್‌ಶಾಪಿನಲ್ಲಿದ್ದೆ. ಓಡುತ್ತಿದ್ದ ಇಂಜಿನ್ನು ನಿಲ್ಲಿಸಿ, ಮಕ್ಕಳನ್ನು ಮನೆಗೆ ಕಳಿಸಿ, ಹೊರಟೆ.