ಗಂಟೆಯಮ್ಮನ ಸೋರದ ಸೂರು

ಗಣಿತದ ಹೊಸ ಮೇಷ್ಟ್ರು ಕೆಲಸಕ್ಕೆ ಹಾಜರಾಗಲು ಬಂದ ದಿನ ಶಾಲೆಯ ಗೇಟಿನಲ್ಲಿ ಅವರನ್ನು ಎದುರುಗೊಂಡದ್ದು ಒಂದು ಬಂದೂಕು. ಮರಳು ಚೀಲಗಳನ್ನು ಎದೆಮಟ್ಟಕ್ಕೆ ಪೇರಿಸಿ, ಅದರ ಹಿಂದೆ ನಿಂತಿದ್ದ ಉದ್ದನೆಯ ಪೊಲೀಸಿನವನು ಅವರ ಪೆಟ್ಟಿಗೆಯನ್ನು ಬಿಚ್ಚಿಸಿ ಪುಸ್ತಕಗಳನ್ನು ಒಂದೊಂದಾಗಿ ಕೊಡವಿ ನೋಡುತ್ತಿದ್ದ. ತಲೆಯ ಮೇಲೆ 'ಸರ್ಕಾರಿ ಪ್ರೌಢಶಾಲೆ' ಎಂಬ ಬೋರ್ಡು ಇನ್ನೂ ಇತ್ತು. ಮೇಷ್ಟ್ರು ಬೋರ್ಡನ್ನೊಮ್ಮೆ ಬಂದೂಕನ್ನೊಮ್ಮೆ ನೋಡುತ್ತ ನಿಂತಿದ್ದಾಗ, ಒಳಗಿನಿಂದ ಪೊರಕೆ ಹಿಡಿದ ಹೆಂಗಸೊಬ್ಬಳು ಸೆರಗು ಸಿಕ್ಕಿಸಿಕೊಂಡು ಬಂದಳು.

"ಬಿಡಪ್ಪ ಅವರನ್ನ, ನಮ್ಮೋರು. ಬಾಂಬು ಇಡೋ ಮುಖಾನಾ ಅದು? ಸೀಮೆಸುಣ್ಣ ಹಿಡಿಯೋಕೂ ಕೈ ನಡುಗೋ ಹಾಗಿದೆ."

ಪೊಲೀಸಿನವನು ನಕ್ಕು ದಾರಿ ಬಿಟ್ಟ. ಮೇಷ್ಟ್ರು ಒಳಗೆ ಕಾಲಿಡಲು ಹೋದರೆ ಆಕೆ ಅವರ ಪೆಟ್ಟಿಗೆಯನ್ನು ಎತ್ತಿಕೊಂಡು ರಸ್ತೆಯ ಕಡೆ ತಿರುಗಿದಳು.

"ಇಲ್ಲಲ್ಲ, ಮೇಷ್ಟ್ರೇ. ಇದು ಶಾಲೆ. ಪಾಠ ನಡೆಯೋದು ಅಲ್ಲಿ, ಗೋದಾಮಲ್ಲಿ."

ಅವಳೇ ಶಾಲೆಯ ಆಯಾ. ಊರೆಲ್ಲ ಅವಳನ್ನು ಗಂಟೆಯಮ್ಮ ಎಂದು ಕರೆಯುತ್ತಿತ್ತು.

ಕಾಡಿನಂಚಿನ ಆ ಊರಿಗೆ ಪಡೆ ಬಂದು ಆಗಲೇ ಕೆಲವು ವರ್ಷಗಳಾಗಿದ್ದವು. ಬೆಟ್ಟದ ಮೇಲಿನ ಠಾಣೆಯನ್ನು ಯಾರೋ ಸುಟ್ಟರು. ಮರುದಿನವೇ ಲಾರಿಗಳಲ್ಲಿ ಪೊಲೀಸರು ಬಂದಿಳಿದರು. ಇಳಿದುಕೊಳ್ಳಲು ಗಟ್ಟಿ ಗೋಡೆಯ ಕಟ್ಟಡ ಊರಿನಲ್ಲಿ ಇದ್ದದ್ದು ಶಾಲೆಯೊಂದೇ. "ಹದಿನೈದು ದಿನದ ಮಾತು, ಹೆಡ್‌ಮೇಷ್ಟ್ರೇ" ಎಂದಿದ್ದರು ಸಾಹೇಬರು. ಆ ಸಾಹೇಬರು ವರ್ಗವಾಗಿ ಹೋದರು, ಅವರ ನಂತರದವರೂ ಹೋದರು, ಹದಿನೈದು ದಿನ ಮಾತ್ರ ಮುಗಿಯಲಿಲ್ಲ. ಮಕ್ಕಳನ್ನು ಧಾನ್ಯದ ಹಳೆಯ ಗೋದಾಮಿಗೆ ದಾಟಿಸಲಾಯಿತು. ಒಂದೇ ತಗಡಿನ ಸೂರಿನ ಕೆಳಗೆ ಮೂರು ತರಗತಿ. ನಡುವೆ ಕಟ್ಟಿದ್ದು ಗೋಣಿತಾಟು. ಒಂದು ಕಡೆ ವ್ಯಾಕರಣ ಹೇಳಿದರೆ ಇನ್ನೊಂದು ಕಡೆಯ ಮಕ್ಕಳು ಲೆಕ್ಕದ ನಡುವೆ ವಿಭಕ್ತಿ ಪ್ರತ್ಯಯ ಒಪ್ಪಿಸುತ್ತಿದ್ದರು.

ಗಂಟೆ ಮಾತ್ರ ಹಳೆಯ ಜಾಗದಲ್ಲೇ ಉಳಿಯಿತು. ಅದು ರೈಲು ಹಳಿಯ ತುಂಡು. ಶಾಲೆಯ ಜಗುಲಿಯ ತೊಲೆಗೆ ನೇತುಹಾಕಿದ್ದು. ಅದರ ಭಾರ ಹೊರುವ ತೊಲೆ ಗೋದಾಮಿನಲ್ಲಿರಲಿಲ್ಲ. ಹೀಗಾಗಿ ದಿನವೂ ಗಂಟೆಯಮ್ಮ ಮುಳ್ಳುತಂತಿ ದಾಟಿ ಕ್ಯಾಂಪಿನೊಳಗೆ ಹೋಗಿ ಗಂಟೆ ಬಾರಿಸುವಳು. ಊರಾಚೆ ಗೋದಾಮಿನಲ್ಲಿ ಮಕ್ಕಳು ಪ್ರಾರ್ಥನೆಗೆ ಎದ್ದು ನಿಲ್ಲುವರು. ಕ್ಯಾಂಪಿನವರಿಗೂ ಅದು ಒಗ್ಗಿಹೋಗಿತ್ತು. ಊಟದ ಗಂಟೆ ಬಾರಿಸಿದರೆ ಅವರ ಅಡುಗೆಯವನೂ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದ.

ಗಂಟೆ ಬಾರಿಸಿ ಸುಮ್ಮನೆ ಬರುವ ಜಾಯಮಾನ ಅವಳದಲ್ಲ. ತನ್ನನ್ನು ನೇಮಿಸಿದ್ದು ಈ ಕಟ್ಟಡಕ್ಕೆ, ಒಳಗೆ ಯಾರಿದ್ದರೇನು? ಆರು ಕೋಣೆಯನ್ನೂ ಗುಡಿಸುವಳು, ಕಿಟಕಿಯ ಜೇಡರ ಬಲೆ ತೆಗೆಯುವಳು, ಗೋಡೆಯ ನಕಾಶೆಯ ಮೇಲೆ ಅಂಗಿ ನೇತುಹಾಕಿದವನಿಗೆ ಬಾಯಿತುಂಬ ಬೈಯುವಳು. ಎಲ್ಲಕ್ಕಿಂತ ಹೆಚ್ಚಾಗಿ ಸೂರು. ಆ ಸೂರಿನ ಒಂದೊಂದು ಹೆಂಚನ್ನೂ ಜೋಡಿಸಿದವನು ಅವಳ ಗಂಡ. ಅವನು ಹೆಂಚಿನ ಕೆಲಸದವನು. ಇವಳು ಕೆಳಗೆ ನಿಂತು ಹೆಂಚು ಎಸೆದುಕೊಟ್ಟವಳು. ಅವನು ಸತ್ತ ಮೇಲೆ, ಮಳೆಗಾಲಕ್ಕೆ ಮುಂಚೆ ತಾನೇ ಏಣಿ ಹಾಕಿ ಹತ್ತಿ, ಜಾರಿದ್ದನ್ನು ಕೂರಿಸಿ, ಒಡೆದದ್ದನ್ನು ಬದಲಿಸಿ ಇಳಿಯುತ್ತಿದ್ದಳು. ಪೊಲೀಸರು ಏಣಿ ಹಿಡಿದುಕೊಳ್ಳುತ್ತಿದ್ದರು.

"ಅಮ್ಮಾ, ಬಿದ್ದುಗಿದ್ದೀಯ. ಆಮೇಲೆ ನಮ್ಮ ಮೇಲೆ ಕೇಸಾಗುತ್ತೆ" ಎನ್ನುತ್ತಿದ್ದ ಉದ್ದನೆಯವನು.

"ನೀನು ಬಂದೂಕು ಹಿಡಿದ ಹಾಗೆ ಏಣಿ ಹಿಡಿದ್ರೆ ಖಂಡಿತ ಬೀಳ್ತೀನಿ. ಎರಡೂ ಕೈಯಲ್ಲಿ ಹಿಡಿಯೋ."

ಅವಳಿಗೆ ಒಬ್ಬಳೇ ಮಗಳು. ಮಗಳ ಕಾಲಕ್ಕೆ ಊರಿನಲ್ಲಿ ಪ್ರೌಢಶಾಲೆ ಇರಲಿಲ್ಲ. ಏಳನೆಯ ತರಗತಿಗೇ ಓದು ನಿಂತಿತು, ಬೇಗನೆ ಮದುವೆಯಾಯಿತು. ಆ ಮಗಳು ತನ್ನ ಮಗಳನ್ನು ತಂದು ಅಜ್ಜಿಯ ಮಡಿಲಿಗೆ ಹಾಕಿ, "ನನ್ನ ಹಾಗೆ ಮಾಡಬೇಡ, ಓದಿಸು" ಎಂದು ಹೇಳಿ ಹೋಗಿದ್ದಳು. ಮೊಮ್ಮಗಳು ಈಗ ಎಂಟನೆಯ ತರಗತಿ. ಮಾತು ಅಜ್ಜಿಯದೇ, ಲೆಕ್ಕ ಮಾತ್ರ ಅಜ್ಜಿಗೆ ಬಾರದ್ದು.

ಹೊಸ ಮೇಷ್ಟ್ರು ಬಂದ ವರ್ಷವೇ ಇಲಾಖೆಯಿಂದ ಸುದ್ದಿ ಬಂತು. ಸ್ವಂತ ಕಟ್ಟಡದಲ್ಲಿ ನಡೆಯದ ಶಾಲೆಗಳನ್ನು ಪಟ್ಟಣದ ಶಾಲೆಗಳೊಂದಿಗೆ ಸೇರಿಸಿಬಿಡುತ್ತಾರಂತೆ. ಪಟ್ಟಣವೆಂದರೆ ಕಾಡು ದಾಟಬೇಕು. ದಾರಿಯುದ್ದಕ್ಕೂ ತಪಾಸಣೆ, ಬಸ್ಸು ಯಾವ ಹೊತ್ತಿಗೆ ಎಲ್ಲಿ ನಿಲ್ಲುವುದೋ ಹೇಳುವಂತಿಲ್ಲ. ಹುಡುಗರನ್ನು ಕಳಿಸಿದರೂ ಕಳಿಸಿಯಾರು. ಹುಡುಗಿಯರನ್ನು ಯಾರೂ ಕಳಿಸುವುದಿಲ್ಲವೆಂದು ಗಂಟೆಯಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಳಿಯ ಆಗಲೇ ಹೇಳಿ ಕಳಿಸಿದ್ದ: ಶಾಲೆ ಮುಚ್ಚಿದರೆ ಹುಡುಗಿಯನ್ನು ಕರೆದುಕೊಂಡು ಹೋಗುತ್ತೇನೆ, ಒಂದು ಗಂಡು ನೋಡಿದ್ದೇನೆ.

ಹೆಡ್‌ಮೇಷ್ಟ್ರು ಅರ್ಜಿಯ ಮೇಲೆ ಅರ್ಜಿ ಬರೆದರು. ಕೊನೆಗೊಂದು ದಿನ ಕ್ಯಾಂಪನ್ನು ಬೇರೆ ಕಡೆ ಸಾಗಿಸಬಹುದೇ ಎಂದು ನೋಡಲು ದೊಡ್ಡ ಸಾಹೇಬರೊಬ್ಬರು ಬರುತ್ತಾರೆಂದು ತಿಳಿಯಿತು. ಗಂಟೆಯಮ್ಮನ ಸಂಭ್ರಮಕ್ಕೆ ಮೇರೆ ಇಲ್ಲ. ಬರುವವರು ಶಾಲೆಯನ್ನು ನೋಡಲು ಬರುತ್ತಿದ್ದಾರೆ ಎಂಬುದಷ್ಟೇ ಅವಳ ತಲೆಯಲ್ಲಿ ಉಳಿದದ್ದು. ನೆಲ ತೊಳೆದಳು, ಕರಿಹಲಗೆಗೆ ಕಪ್ಪು ಬಳಿದಳು, ಸೂರಿನ ಮೇಲೆ ಹತ್ತಿ ಒಣಗಿದ ಎಲೆಯನ್ನೂ ಗುಡಿಸಿದಳು.

ಸಾಹೇಬರು ಬಂದರು. ಕೈ ಹಿಂದೆ ಕಟ್ಟಿಕೊಂಡು ಕೋಣೆಯಿಂದ ಕೋಣೆಗೆ ನಡೆದರು. ಹೆಡ್‌ಮೇಷ್ಟ್ರು ಮಕ್ಕಳ ಕಷ್ಟ ಹೇಳುತ್ತ ಹಿಂದೆ ಹಿಂದೆ ಹೋದರು. ಸಾಹೇಬರು ಕತ್ತೆತ್ತಿ ಸೂರು ನೋಡಿದರು.

"ಇಷ್ಟು ವರ್ಷ ಆದ್ರೂ ಎಲ್ಲೂ ಸೋರಿಲ್ಲವಲ್ಲ, ಭೇಷ್. ನಮ್ಮ ಉಳಿದ ಕ್ಯಾಂಪು ನೋಡಬೇಕು ನೀವು, ಹಂದಿಗೂಡು. ಇಂಥಾದ್ದನ್ನ ಬಿಟ್ಟು ನಮ್ಮ ಪೊಲೀಸ್ ಹುಡುಗರನ್ನ ಎಲ್ಲಿಗೆ ಕಳಿಸಲಿ, ಹೇಳಿ?"

ಗಂಟೆಯಮ್ಮ ಪೊರಕೆ ಹಿಡಿದು ಬಾಗಿಲ ಮರೆಯಲ್ಲಿ ನಿಂತಿದ್ದಳು. ಸಾಹೇಬರು ಅವಳತ್ತ ತಿರುಗಿ, "ನೀನೇ ಏನಮ್ಮ ಇದನ್ನೆಲ್ಲ ನೋಡಿಕೊಳ್ಳೋದು? ಚೆನ್ನಾಗಿ ಇಟ್ಟಿದ್ದೀಯ" ಎಂದರು. ಜೀಪು ಹೊರಟುಹೋಯಿತು. ಕ್ಯಾಂಪು ಇದ್ದಲ್ಲೇ ಇರಲಿ ಎಂದು ಆಮೇಲೆ ಆದೇಶವೂ ಬಂತು.

ಆ ಸಂಜೆ ಗೋದಾಮಿನ ಮೆಟ್ಟಿಲ ಮೇಲೆ ಗಣಿತದ ಮೇಷ್ಟ್ರು ಬೇಸರದಲ್ಲಿ ಒಂದು ಮಾತು ಆಡಿದರು. "ಅವರನ್ನ ಅಲ್ಲಿ ಕೂರಿಸಿರೋದು ಸರ್ಕಾರ ಅಲ್ಲ, ಆಯಮ್ಮ. ನೀವೇ."

ಮರುದಿನವೂ ಗಂಟೆಯಮ್ಮ ಮುಳ್ಳುತಂತಿ ದಾಟಿ ಹೋದಳು. ಗಂಟೆ ಬಾರಿಸಿದಳು, ಪೊರಕೆ ಮುಟ್ಟದೆ ತಿರುಗಿ ಬಂದಳು. ಮಳೆಗಾಲ ಹತ್ತಿರವಾದಾಗ ಉದ್ದನೆಯವನು ತಾನೇ ಏಣಿ ತಂದು ಗೋಡೆಗೆ ಒರಗಿಸಿ ಕರೆದ.

"ಬಾರಮ್ಮ, ಎರಡೂ ಕೈಯಲ್ಲಿ ಹಿಡ್ಕೊಂಡಿದ್ದೀನಿ."

"ಮಂಡಿ ನೋವಪ್ಪ" ಎಂದಳು ಗಂಟೆಯಮ್ಮ, ಅವನ ಮುಖ ನೋಡದೆ.

ಗಾಳಿಮಳೆ ಬಂತು. ಮೊದಲು ಒಂದು ಹೆಂಚು ಜಾರಿತು; ಅದರ ಹಿಂದೆ ನಾಲ್ಕು. ಒಬ್ಬ ಪೊಲೀಸಿನವನು ಸರಿಮಾಡುತ್ತೇನೆಂದು ಬೂಟು ಹಾಕಿಕೊಂಡೇ ಹತ್ತಿ, ಒಳ್ಳೆಯವನ್ನೂ ತುಳಿದು ಒಡೆದು ಇಳಿದ. ಕ್ಯಾಂಪಿನವರು ದುರಸ್ತಿಗೆ ಬರೆದರು. ಕಟ್ಟಡ ಶಿಕ್ಷಣ ಇಲಾಖೆಯದು, ಅವರನ್ನು ಕೇಳಿ ಎಂದಿತು ಪೊಲೀಸ್ ಇಲಾಖೆ. ಒಳಗಿರುವವರು ನೀವು, ನೀವೇ ಮಾಡಿಸಿಕೊಳ್ಳಿ ಎಂದಿತು ಶಿಕ್ಷಣ ಇಲಾಖೆ. ಎರಡೂ ಇಲಾಖೆಗಳು ಕೈ ತೊಳೆದುಕೊಂಡವು. ತೊಳೆಯಲು ನೀರು ಕೋಣೆಯೊಳಗೇ ಬೀಳುತ್ತಿದೆಯಲ್ಲ ಎಂದು ಹೆಡ್‌ಮೇಷ್ಟ್ರು ಕೊಂಕು ನುಡಿದರು.

ಗಂಟೆಯಮ್ಮ ದಿನವೂ ಅದನ್ನು ನೋಡಿಕೊಂಡೇ ಗಂಟೆ ಬಾರಿಸಬೇಕಾಗಿತ್ತು. ಗಂಡ ಕೂರಿಸಿದ ಸಾಲುಗಳು ಹಲ್ಲುದುರಿದ ಬಾಯಿಯಂತೆ ಕಾಣುತ್ತಿದ್ದವು. ಜಂತಿಗಳು ನೆನೆದು ಕಪ್ಪಾಗುತ್ತಿದ್ದವು. ಒಂದು ಬೆಳಿಗ್ಗೆ ಉದ್ದನೆಯವನು ಒದ್ದೆ ಹಾಸಿಗೆಯಲ್ಲೇ ಜ್ವರದಿಂದ ಮುದುಡಿ ಮಲಗಿದ್ದ. ಊರಿಗೆಂದು ಕಟ್ಟಿದ ಆಸ್ಪತ್ರೆ ರಸ್ತೆಯ ಆ ತುದಿಯಲ್ಲಿ ಸುಣ್ಣಬಣ್ಣ ಹೊಡೆಸಿಕೊಂಡು ನಿಂತಿತ್ತು. ಉದ್ಘಾಟನೆಗೆ ಮಂತ್ರಿಗಳು ದಿನ ಕೊಟ್ಟಿರಲಿಲ್ಲವಾದ್ದರಿಂದ ಬೀಗ.

"ಅಮ್ಮಾ, ನನ್ನ ತಲೆ ಮೇಲಿರೋದು ಒಂದೇ ಒಂದು ಹೆಂಚು ಸರಿ ಮಾಡಿಕೊಡು" ಎಂದ ಅವನು.

ಅವಳು ಏಣಿಯವರೆಗೆ ಹೋದಳು. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಳು. ಆಮೇಲೆ ಹಿಂದಿರುಗಿ ಬಂದು, ಅವನ ಮಂಚವನ್ನು ತಾನೊಬ್ಬಳೇ ಎಳೆದು ನೀರು ಬೀಳದ ಮೂಲೆಗೆ ಸರಿಸಿದಳು. ಮನೆಯಿಂದ ಬಿಸಿನೀರು ತಂದು ಕುಡಿಸಿದಳು. ಮನೆಗೆ ಹೋಗಿ ಗೋಡೆಗೆ ಒರಗಿ ಕೂತವಳನ್ನು ನೋಡಿ ಮೊಮ್ಮಗಳು ಕೇಳಿದಳು.

"ಯಾಕಜ್ಜಿ, ನಿಜವಾಗ್ಲೂ ಮಂಡಿ ನೋವಾ?"

"ಈಗ ನಿಜವಾಗ್ಲೂ ನೋಯ್ತಿದೆ ಕಣೇ."

ಮಳೆ ನಿಲ್ಲುವ ಮುಂಚೆಯೇ ಲಾರಿಗಳು ಬಂದವು. ಮರಳು ಚೀಲ, ಮುಳ್ಳುತಂತಿ, ಮಂಚಗಳನ್ನೆಲ್ಲ ತುಂಬಿಕೊಂಡು ಕ್ಯಾಂಪು ಹೊರಟಿತು. ಗೋದಾಮಿನ ಮಕ್ಕಳು ಚಪ್ಪಾಳೆ ತಟ್ಟಿದರು. ಗಂಟೆಯಮ್ಮ ಗೇಟಿನಲ್ಲಿ ನಿಂತು ಲಾರಿಗಳು ಕಾಡಿನ ರಸ್ತೆಗೆ ತಿರುಗುವುದನ್ನು ಕಾಯುತ್ತಿದ್ದಳು. ಅವು ತಿರುಗಲಿಲ್ಲ. ನೆಟ್ಟಗೆ ಹೋಗಿ ರಸ್ತೆಯ ತುದಿಯ ಹೊಸ ಆಸ್ಪತ್ರೆಯ ಮುಂದೆ ನಿಂತವು. ಮಂತ್ರಿಗಳಿಗೆ ಕಾದಿದ್ದ ಬೀಗವನ್ನು ಯಾರೋ ಒಡೆದರು.

ಊರು ಶಾಲೆಗಾಗಿ ಕಾದದ್ದಕ್ಕಿಂತ ಹೆಚ್ಚು ಕಾಲ ಆ ಆಸ್ಪತ್ರೆಗಾಗಿ ಕಾದಿತ್ತು.

"ನಮ್ಮದು ನಮಗೆ ಬಂತಲ್ಲಮ್ಮ, ಅಷ್ಟಕ್ಕೆ ಸಮಾಧಾನ ಪಡು" ಎಂದರು ಹೆಡ್‌ಮೇಷ್ಟ್ರು. ಅವರ ಮುಖದಲ್ಲೂ ಸಮಾಧಾನ ಇರಲಿಲ್ಲ. ಆಸ್ಪತ್ರೆಗೆಂದು ಬಂದ ನರ್ಸಮ್ಮನಿಗೆ ಕೊಡಲು ಬೇರೆ ಜಾಗವಿಲ್ಲದೆ ಖಾಲಿಯಾದ ಗೋದಾಮನ್ನೇ ಕೊಟ್ಟರು. ಮಕ್ಕಳು ಕೂರುತ್ತಿದ್ದ ಬೆಂಚುಗಳ ಮೇಲೆ ಬಸುರಿಯರು ಕೂತರು. ಗೋಣಿತಾಟಿನ ಮರೆ ಹಾಗೇ ಉಪಯೋಗಕ್ಕೆ ಬಂತು.

ಕಟ್ಟಡ ನೋಡಲು ಬಂದ ಎಂಜಿನಿಯರು ನಾಲ್ಕು ಕೋಣೆಗಳು ಅಪಾಯವೆಂದು ಬರೆದು, ಎರಡರಲ್ಲಿ ಪಾಠ ಮಾಡಬಹುದೆಂದರು. ಎರಡಾದರೂ ಸ್ವಂತದ್ದು, ಪಟ್ಟಣಕ್ಕೆ ಸೇರಿಸುವ ಮಾತು ಅಲ್ಲಿಗೆ ನಿಂತಿತು. ಅಳಿಯನೂ ಸುಮ್ಮನಾದ. ಹತ್ತನೆಯ ತರಗತಿಯ ಪರೀಕ್ಷೆಯನ್ನು ಮೊಮ್ಮಗಳು ಆ ಎರಡರಲ್ಲೊಂದು ಕೋಣೆಯಲ್ಲೇ ಕೂತು ಬರೆದಳು. ಪಾಸಾದಳು. ಈಗ ಪಟ್ಟಣದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ನರ್ಸಿಂಗ್ ಓದುತ್ತಿದ್ದಾಳೆ. ರಜೆಗೆ ಬಂದಾಗ ಗೋದಾಮಿಗೆ ಹೋಗಿ ನರ್ಸಮ್ಮನಿಗೆ ಕೈ ಜೋಡಿಸುತ್ತಾಳೆ.

ಗಂಟೆಯಮ್ಮ ನಿವೃತ್ತಳಾಗಿ ಕೆಲ ಕಾಲವಾಯಿತು. ಹೊಸ ಆಯಾ ನೇಮಕವಾಗಿಲ್ಲ, ಆದ್ದರಿಂದ ಗಂಟೆ ಇವಳದೇ. ಬೆಳಿಗ್ಗೆ ಗಂಟೆ ಬಾರಿಸಿ, ಗೋದಾಮಿಗೆ ಹೋಗಿ ಗುಡಿಸಿಕೊಡುತ್ತಾಳೆ. ಆದ ದಿನಗಳಲ್ಲಿ ಬಿಸಿಲು ಏರುವ ಮುಂಚೆ ವಾಪಸು ಬಂದು ಏಣಿ ಹತ್ತುತ್ತಾಳೆ. ಸಿಕ್ಕಲ್ಲಿಂದ ಹೆಂಚು ಕೇಳಿ ತಂದು ಮೂರನೆಯ ಕೋಣೆಯ ಮೇಲೆ ಸಾಲು ಕೂರಿಸುತ್ತಿದ್ದಾಳೆ. ಮಂಡಿ ನೋವು ಈಗ ಸುಳ್ಳಲ್ಲ. ಎರಡು ಸಾಲು ಕೂರಿಸಿದರೆ ಒಂದು ವಾರ ಕೂರಬೇಕು. ಉದ್ದನೆಯವನು ವರ್ಗವಾಗಿ ಹೋಗುವ ಮುಂಚೆ ಒಮ್ಮೆ ಬಂದು, ಹೊಸ ಕ್ಯಾಂಪನ್ನೂ ಒಂದಿಷ್ಟು ಗುಡಿಸಿಕೊಡಲು ಆಗುತ್ತದೆಯೇ ಎಂದು ಕೇಳಿದ್ದ. ಅವನಿಗೆ ಊಟ ಹಾಕಿದಳು, ಪೊರಕೆಯ ಮಾತು ಎತ್ತಲಿಲ್ಲ.

ಮೊನ್ನೆ ಗಣಿತದ ಮೇಷ್ಟ್ರು ಏಣಿ ಹಿಡಿದು ಕೆಳಗೆ ನಿಂತಿದ್ದರು. ಸೂರಿನ ಮೇಲಿಂದ ರಸ್ತೆಯ ತುದಿಯ ಆಸ್ಪತ್ರೆ ಕಾಣುತ್ತದೆ: ಚಪ್ಪಟೆ ತಾರಸಿ, ಅದರ ಮೇಲೆ ಒಣಗಲು ಹಾಕಿದ ಖಾಕಿ ಬಟ್ಟೆ. ಗಂಟೆಯಮ್ಮ ಅದನ್ನು ನೋಡುತ್ತ ಬಹಳ ಹೊತ್ತು ಕೂತಳು.

"ಮೇಷ್ಟ್ರೇ, ಆ ತಾರಸಿ ಸೋರೋಕೆ ಎಷ್ಟು ವರ್ಷ ಬೇಕು?"

"ಕಟ್ಟಿದ ಗುತ್ತಿಗೆದಾರ ಯಾರು ಅಂತ ಗೊತ್ತಲ್ಲ, ಆಯಮ್ಮ. ಜಾಸ್ತಿ ದಿನ ಬೇಡ."

"ಸೋರಿದ್ರೆ ಮುಂದೆ ಎಲ್ಲಿಗೆ ಬರ್ತಾರೆ ಅವರು?"

ಮೇಷ್ಟ್ರು ಕತ್ತೆತ್ತಿ ಅವಳು ಕೂರಿಸಿದ ಹೊಸ ಸಾಲುಗಳನ್ನು ನೋಡಿದರು. ಗಂಟೆಯಮ್ಮ ಕೈಯಲ್ಲಿದ್ದ ಹೆಂಚನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕೂರಿಸಿದರೆ ಮೂರನೆಯ ಕೋಣೆ ಮುಗಿಯುತ್ತಿತ್ತು. ಸ್ವಲ್ಪ ಹೊತ್ತು ಅದನ್ನು ಮಡಿಲಲ್ಲೇ ಇಟ್ಟುಕೊಂಡಿದ್ದಳು. ಕೆಳಗೆ ಎರಡನೆಯ ಕೋಣೆಯಲ್ಲಿ ಹುಡುಗಿಯರು ಒಟ್ಟಾಗಿ ಪದ್ಯ ಹೇಳುತ್ತಿದ್ದರು. ಅವಳು ಹೆಂಚನ್ನು ಅದರ ಜಾಗದಲ್ಲಿಟ್ಟು, ಅಂಗೈಯಿಂದ ಒತ್ತಿ ಕೂರಿಸಿ, ಏಣಿ ಗಟ್ಟಿಯಾಗಿ ಹಿಡಿಯಿರಿ ಎಂದು ಹೇಳಿ ನಿಧಾನವಾಗಿ ಇಳಿದಳು. ಊಟದ ಗಂಟೆಗೆ ಹೊತ್ತಾಗಿತ್ತು.