ಸ್ಪ್ರಿಂಗಣ್ಣನ ಹಿಂದಿನ ಸೀಟು

ನನ್ನ ಸ್ನೇಹಿತ ಕಳೆದ ಗುರುವಾರ ಬೆಳಿಗ್ಗೆ ತೀರಿಕೊಂಡ. ಮನೆಯ ಮುಂದೆ, ತನ್ನ ಬೈಕಿನ ಪಕ್ಕದಲ್ಲಿ. ಹೃದಯ ನಿಂತಿತು ಎಂದರು ಡಾಕ್ಟರು. ಆಸ್ಪತ್ರೆಗೆ ಕರೆದೊಯ್ಯುವಷ್ಟು ಹೊತ್ತನ್ನೂ ಅವನು ಯಾರಿಗೂ ಕೊಡಲಿಲ್ಲ.

ಅವನ ಅಂಗಡಿಗೂ ನನ್ನ ಅಂಗಡಿಗೂ ನಡುವೆ ಒಂದೇ ಗೋಡೆ. ನನ್ನದು ಹಳೆಯ ಪುಸ್ತಕಗಳ ಅಂಗಡಿ. ಅವನದು ಬೈಕ್ ಗ್ಯಾರೇಜು. ಆದರೆ ಎಂಜಿನ್ನಿಗೆ ಅವನು ಕೈ ಹಾಕುತ್ತಿರಲಿಲ್ಲ. ಮುಂದಿನ ಫೋರ್ಕು, ಹಿಂದಿನ ಶಾಕಪ್ಪು, ಇವೆರಡೇ ಅವನ ಕೆಲಸ. “ಓಡೋದನ್ನ ಬೇರೆಯವರು ನೋಡ್ಕೊಳ್ಳಲಿ, ಕುಲುಕೋದನ್ನ ನನಗೆ ಬಿಡಿ” ಎನ್ನುತ್ತಿದ್ದ. ಹಾಗಾಗಿ ಊರಿಗೆಲ್ಲ ಅವನು ಸ್ಪ್ರಿಂಗಣ್ಣ.

ಆ ಹೆಸರು ಅವನಿಗೆ ಹಿಡಿಸುತ್ತಿರಲಿಲ್ಲ. ಮಧ್ಯಾಹ್ನ ಕೈ ಒರೆಸಿಕೊಳ್ಳುತ್ತ ನನ್ನ ಅಂಗಡಿಗೆ ಬಂದು ಸ್ಟೂಲಿನ ಮೇಲೆ ಕೂತು, ಯಾವುದಾದರೂ ಕಾದಂಬರಿಯ ಕೊನೆಯ ಪುಟವನ್ನು ಮೊದಲು ಓದಿ, “ಇಷ್ಟಕ್ಕೆ ಇಷ್ಟು ದಪ್ಪನಾ?” ಎಂದು ವಾಪಸ್ ಇಟ್ಟು, ಆಮೇಲೆ ತನ್ನ ದೂರು ಶುರು ಮಾಡುತ್ತಿದ್ದ.

“ಸ್ಪ್ರಿಂಗು ಏನು ಮಾಡುತ್ತೆ ಹೇಳು? ಏಟು ತಿನ್ನುತ್ತೆ. ತಿಂದದ್ದನ್ನ ಹಾಗೇ ವಾಪಸ್ ಉಗುಳುತ್ತೆ. ಬರೀ ಸ್ಪ್ರಿಂಗಿನ ಮೇಲೆ ಗಾಡಿ ಓಡಿಸಿದರೆ ಒಂದು ಗುಂಡಿ ಹಾರಿದ್ದಕ್ಕೆ ಮುಂದಿನ ತಿರುವಿನವರೆಗೂ ಕುಣೀತಾ ಹೋಗ್ತೀಯ. ಅರಗಿಸಿಕೊಳ್ಳೋದು ಎಣ್ಣೆ ಕಣಯ್ಯಾ.”

“ಹಾಗಾದರೆ ಇನ್ನುಮೇಲೆ ಎಣ್ಣೆಯಣ್ಣ ಅಂತ ಕರೀತೀವಿ ಬಿಡು.”

“ಅದಕ್ಕಿಂತ ಸ್ಪ್ರಿಂಗೇ ವಾಸಿ.”

ಬಿಚ್ಚಿದ ಫೋರ್ಕನ್ನು ಮೇಜಿನ ಮೇಲೆ ಹಾಕಿಕೊಂಡು ಅವನು ವಿವರಿಸುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಒಂದರೊಳಗೊಂದು ಜಾರುವ ಎರಡು ಕೊಳವೆಗಳು. ಒಳಗೆ ಉದ್ದದ ಸ್ಪ್ರಿಂಗು, ಅದರ ಸುತ್ತ ಎಣ್ಣೆ. ಮುಂದಿನ ಚಕ್ರ ಉಬ್ಬಿನ ಮೇಲೆ ಹತ್ತಿದಾಗ ಕೆಳಗಿನ ಕೊಳವೆ ಮೇಲೆ ಸರಿಯುತ್ತದೆ, ಸ್ಪ್ರಿಂಗು ಅದುಮಿಕೊಳ್ಳುತ್ತದೆ, ಎಣ್ಣೆ ಸಣ್ಣ ಸಣ್ಣ ತೂತುಗಳಲ್ಲಿ ನುಸುಳಿಕೊಂಡು ಹೋಗಬೇಕಾಗುತ್ತದೆ. ಆ ನುಸುಳಾಟದಲ್ಲಿ ಏಟಿನ ಜೋರೆಲ್ಲ ಶಾಖವಾಗಿ ಕರಗುತ್ತದೆ. ಹಿಂದಿನ ಶಾಕಪ್ಪಿನೊಳಗೂ ಇದೇ ಸಂಸಾರ, ಮನೆ ಮಾತ್ರ ಚಿಕ್ಕದು. ಒಮ್ಮೆ ದೂರದಿಂದ ಬಂದ ಬೈಕೊಂದರ ಶಾಕಪ್ಪಿಗೆ ನನ್ನ ಕೈ ಹಿಡಿಸಿ, “ಮುಟ್ಟಿ ನೋಡು, ಬೆಚ್ಚಗಿದೆ. ದಾರಿಯಲ್ಲಿ ಬಂದ ಗುಂಡಿಗಳೆಲ್ಲ ಇದರೊಳಗಿವೆ” ಎಂದಿದ್ದ. ಅವತ್ತಿನಿಂದ ರಸ್ತೆ ಬದಿ ನಿಂತ ಬೈಕುಗಳನ್ನು ನಾನು ಬೇರೆ ರೀತಿಯಲ್ಲಿ ನೋಡುತ್ತೇನೆ.

ಅವನಿಗೆ ವಿನಯ ಕಡಿಮೆ. ತನ್ನಷ್ಟು ಚೆನ್ನಾಗಿ ಈ ಕೆಲಸ ಮಾಡುವವರು ಸುತ್ತಮುತ್ತ ಇಲ್ಲವೆಂದು ತಾನೇ ಹೇಳಿಕೊಳ್ಳುತ್ತಿದ್ದ. ಗಿರಾಕಿಗಳ ಜೊತೆ ಜಗಳವೂ ಆಗುತ್ತಿತ್ತು. ಹೆಚ್ಚಿನ ಜಗಳಕ್ಕೆ ಕಾರಣ ಒಂದೇ: ಎಲ್ಲರಿಗೂ ಗಾಡಿ ಮೆತ್ತಗಾಗಬೇಕು.

“ಮೆತ್ತಗೆ ಬೇಕಾದರೆ ಹಾಸಿಗೆ ಅಂಗಡಿಗೆ ಹೋಗಪ್ಪಾ,” ಎಂದು ಒಬ್ಬ ಯುವಕನಿಗೆ ಹೇಳಿದ್ದು ನನ್ನ ಕಿವಿಗೇ ಬಿದ್ದಿತ್ತು.

“ಅಣ್ಣಾ, ಸೊಂಟ ನೋವು ಬರ್ತಿದೆ. ಅದಕ್ಕೇ ಕೇಳಿದ್ದು.”

“ಅದಕ್ಕೇ ಬೇಡ ಅಂದಿದ್ದು. ತೀರಾ ಮೆತ್ತಗೆ ಮಾಡಿದರೆ ಸಣ್ಣ ಉಬ್ಬಿಗೇ ಶಾಕಪ್ಪು ಪೂರ್ತಿ ಕುಸಿಯುತ್ತೆ. ದೊಡ್ಡದು ಬಂದಾಗ ಕುಸಿಯೋಕೆ ಜಾಗವೇ ಇರಲ್ಲ, ತಳಕ್ಕೆ ಬಡಿಯುತ್ತೆ. ಆಗ ಏಟು ಎಲ್ಲಿಗೆ ಹೋಗುತ್ತೆ? ನೆಟ್ಟಗೆ ನಿನ್ನ ಬೆನ್ನುಮೂಳೆಗೆ. ಕೂತಾಗ ಸ್ವಲ್ಪ ತಗ್ಗಬೇಕು, ಮಿಕ್ಕಿದ್ದು ಗುಂಡಿಗೆ ಅಂತ ಉಳಿದಿರಬೇಕು. ಗೊತ್ತಾಯ್ತಾ?”

“ಹಾಗಾದರೆ ಸ್ಪ್ರಿಂಗಿನ ಬುಡದಲ್ಲಿರೋ ಆ ಉಂಗುರ ಬಿಗಿ ಮಾಡಿ ಗಟ್ಟಿ ಮಾಡಿಬಿಡಿ.”

“ಉಂಗುರ ತಿರುಗಿಸಿದರೆ ಸ್ಪ್ರಿಂಗು ಗಟ್ಟಿಯಾಗಲ್ಲ, ನೀನು ಕೂತ ಜಾಗ ಎತ್ತರ ಆಗುತ್ತೆ ಅಷ್ಟೇ. ಮೊದಲು ಹತ್ತು ಗಾಡಿ ಮೇಲೆ. ಹಿಂದೆ ಯಾರು ಕೂರ್ತಾರೆ ಅದನ್ನೂ ಹೇಳು.”

ಹಿಂದೆ ಯಾರು ಕೂರುತ್ತಾರೆ ಎನ್ನುವುದು ಅವನು ಎಲ್ಲರಿಗೂ ಕೇಳುತ್ತಿದ್ದ ಪ್ರಶ್ನೆ. ಒಂಟಿ ಸವಾರನಿಗೆ ಸರಿಯಾಗಿ ಹೊಂದಿಸಿದ ಗಾಡಿ, ಹಿಂದೆ ಇನ್ನೊಬ್ಬರು ಕೂತ ತಕ್ಷಣ ಬೇರೆಯದೇ ಗಾಡಿಯಾಗುತ್ತದೆ. ಹಿಂಭಾಗ ಕುಸಿದು ಮೂತಿ ಮೇಲಾಗುತ್ತದೆ, ಹ್ಯಾಂಡಲ್ ಹಗುರವಾಗುತ್ತದೆ. ತಾಯಿಯನ್ನು ಕೂರಿಸಿಕೊಳ್ಳುವವರು ತಾಯಿಯನ್ನು ಕರೆದುಕೊಂಡೇ ಬರಬೇಕಿತ್ತು. ಅವನು ಇಬ್ಬರನ್ನೂ ಗಾಡಿಯ ಮೇಲೆ ಕೂರಿಸಿ, ಅಡಿಪಟ್ಟಿ ಹಿಡಿದು ಹಿಂದೆ ಎಷ್ಟು ತಗ್ಗಿತು ಎಂದು ಅಳೆಯುತ್ತಿದ್ದ.

ಇಷ್ಟೆಲ್ಲ ತಿಳಿದವನ ಸ್ವಂತ ಬೈಕಿನ ಶಾಕಪ್ಪುಗಳು ವರ್ಷಗಳಿಂದ ಎಣ್ಣೆ ಸೋರಿಸಿಕೊಂಡು ಒಣಗಿದ್ದವು. ನಾಳೆ, ನಾಡಿದ್ದು ಎಂದು ಮುಂದೂಡಿದ. ಆ ಬೈಕಿನ ಹಿಂದಿನ ಸೀಟಿನಲ್ಲಿ ಕೂತು ಅತ್ತಿಗೆ, ಎಂದರೆ ಅವನ ಹೆಂಡತಿ, ಊರೆಲ್ಲ ಓಡಾಡಿದವರು. ಸಂತೆಗೆ, ಬ್ಯಾಂಕಿಗೆ, ಊರಾಚೆ ಇರುವ ತಂಗಿಯ ಮನೆಗೆ. “ಊರಿನವರ ಬೆನ್ನೆಲ್ಲ ನಿಮ್ಮ ಜವಾಬ್ದಾರಿ, ನನ್ನ ಬೆನ್ನು ಯಾರದು?” ಎಂದು ಅವರು ನಗುತ್ತಲೇ ಕೇಳುತ್ತಿದ್ದರು. ಅವನೂ ನಗುತ್ತಿದ್ದ.

ಕಳೆದ ವರ್ಷ ಅತ್ತಿಗೆಯ ಬೆನ್ನುಮೂಳೆಗೆ ಆಪರೇಷನ್ ಆಯಿತು. ಕಾರಣ ಕೇಳಿದ್ದಕ್ಕೆ ಡಾಕ್ಟರು, ವಯಸ್ಸು, ಭಾರ ಎತ್ತಿದ್ದು, ಕುಲುಕಾಟ, ಎಲ್ಲ ಸೇರಿರುತ್ತದೆ ಎಂದರು. ಅವನಿಗೆ ಕೇಳಿಸಿದ್ದು ಮೂರನೆಯದು ಮಾತ್ರ. ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು, ನಾನು ತಂದುಕೊಟ್ಟ ಕಾಫಿ ಆರುವವರೆಗೂ ಲೋಟ ಹಿಡಿದುಕೊಂಡೇ ಇದ್ದ.

ಅತ್ತಿಗೆ ಚೇತರಿಸಿಕೊಂಡರು, ಮನೆಯೊಳಗೆ ನಡೆದಾಡತೊಡಗಿದರು. ಆದರೆ ಹೊರಗೆ ಹೊರಡುವುದೆಂದರೆ ಭಯ. ಆಟೋದಲ್ಲಿ ಒಮ್ಮೆ ತಂಗಿಯ ಮನೆಗೆ ಹೊರಟವರು ಅರ್ಧ ದಾರಿಯಲ್ಲೇ ವಾಪಸ್ ಬಂದು ಮಲಗಿಬಿಟ್ಟರು. ತಂಗಿಯೇ ಬಂದು ಹೋಗುತ್ತಿದ್ದಳು. “ಅವಳು ಬರೋದು ಬೇರೆ, ನಾನು ಹೋಗೋದು ಬೇರೆ,” ಎಂದು ಅತ್ತಿಗೆ ನನ್ನೆದುರು ಒಮ್ಮೆ ಹೇಳಿದ್ದರು. “ರೋಗಿ ನೋಡೋಕೆ ಬಂದವರ ಹಾಗೆ ಕೂತು ಹೋಗ್ತಾಳೆ. ಅವಳ ಅಡುಗೆಮನೆಗೆ ನಾನು ಹೋಗಿ ಡಬ್ಬಿ ಎಲ್ಲಿಟ್ಟಿದ್ದೀಯ ಅಂತ ಬೈಬೇಕು.”

ಇನ್ನು ಗಾಡಿಯ ಮೇಲೆ ಕೂರಬಹುದು, ಜೋಪಾನ ಎಂದು ಡಾಕ್ಟರು ಹೇಳಿದ ದಿನವೇ ಅವನು ತನ್ನ ಬೈಕನ್ನು ಅಂಗಡಿಗೆ ತಂದು ಬಿಚ್ಚಿದ. ಮುಂದೆ ಹಿಂದೆ ಎಲ್ಲ ಹೊಸತು. ಗಿರಾಕಿಗಳು ಕಾದರು, ಬೈದರು, ಹೋದರು. ಮುಗಿಸಿದ ಮೇಲೆ ನನ್ನನ್ನು ಕರೆದು ಸೀಟನ್ನು ಅಂಗೈಯಿಂದ ಒತ್ತಿ ತೋರಿಸಿದ. ಬೆಣ್ಣೆಯ ಹಾಗೆ ತಗ್ಗಿತು.

“ಹೂವಿನ ಮೇಲೆ ಕೂತ ಹಾಗಿರುತ್ತೆ ಅವಳಿಗೆ,” ಎಂದ.

ಊರಿಗೆಲ್ಲ ಯಾವುದು ಬೇಡ ಎಂದು ಗಂಟಲು ಹರಿದುಕೊಂಡಿದ್ದನೋ ಅದನ್ನೇ ತನ್ನ ಹೆಂಡತಿಗೆ ಮಾಡಿದ್ದ. ಮೆದುವಾದ ಸ್ಪ್ರಿಂಗು, ತೆಳುವಾದ ಎಣ್ಣೆ. ತಿಳಿಯದೆ ಮಾಡಿದ್ದಲ್ಲ. ಅವರಿಗೆ ಒಂದಿಷ್ಟೂ ಏಟು ತಗುಲಬಾರದು ಎಂಬ ಆಸೆ ಅವನ ಕಸುಬಿಗಿಂತ ದೊಡ್ಡದಾಗಿತ್ತು.

ಅತ್ತಿಗೆಯನ್ನು ಕೂರಿಸಿಕೊಂಡು ಹೊರಟ ಮೊದಲ ಸಲವೇ, ಶಾಲೆಯ ಮುಂದಿನ ಹಂಪ್ ದಾಟುವಾಗ ಶಾಕಪ್ಪು ತಳಕ್ಕೆ ಬಡಿಯಿತು. ಅತ್ತಿಗೆ ಕಿರುಚಿದರು. ಗಾಡಿ ನಿಲ್ಲಿಸಿದೊಡನೆ ಇಳಿದು, ಅವನು ಎಷ್ಟು ಕರೆದರೂ ತಿರುಗಿ ನೋಡದೆ, ಗೋಡೆ ಹಿಡಿದುಕೊಂಡು ಮನೆಯವರೆಗೆ ನಡೆದರು. ಬೆನ್ನಿಗೆ ಹೊಸ ಪೆಟ್ಟೇನೂ ಆಗಿರಲಿಲ್ಲ. ಆದರೆ ಆ ಗಾಡಿಯನ್ನು ಇನ್ನು ತಮ್ಮ ಕಣ್ಣಿಗೆ ಬೀಳದ ಹಾಗೆ ಇಡಿ ಎಂದರು.

ಮಾರನೆಯ ದಿನ ಅವನು ನನ್ನ ಸ್ಟೂಲಿನ ಮೇಲೆ ಬಂದು ಕೂತ. ಯಾವ ಪುಸ್ತಕವನ್ನೂ ಮುಟ್ಟಲಿಲ್ಲ.

“ಆ ಹುಡುಗ ಮೆತ್ತಗೆ ಮಾಡಿಕೊಡಿ ಅಂದಾಗ ಅಷ್ಟೊಂದು ಬೈದೆ,” ಎಂದ. “ಅವನು ಕೇಳಿದ್ದ. ಇವಳು ಕೇಳಿರಲೂ ಇಲ್ಲ.”

ಆಮೇಲೆ ಎದ್ದು ಹೋಗಿ ಮತ್ತೆ ಬಿಚ್ಚಿದ. ಈ ಸಲ ಮೆದುವೂ ಅಲ್ಲ, ಗಟ್ಟಿಯೂ ಅಲ್ಲ, ಇಬ್ಬರ ಭಾರಕ್ಕೆ ತಕ್ಕ ಸ್ಪ್ರಿಂಗು ಬೇಕಿತ್ತು. ಅತ್ತಿಗೆ ಗಾಡಿಯ ಹತ್ತಿರವೇ ಬರುತ್ತಿರಲಿಲ್ಲ. ತಮ್ಮ ತೂಕವನ್ನಂತೂ ಅವರು ಯಾರಿಗೂ ಹೇಳಿದವರಲ್ಲ.

“ಅಂದಾಜು ಇರಬೇಕಲ್ಲ ನಿನಗೆ. ಅವರನ್ನ ಒಮ್ಮೆಯೂ ಎತ್ತೇ ಇಲ್ವಾ?” ಎಂದೆ.

“ಮದುವೆಯಾದ ಹೊಸದರಲ್ಲಿ ಎತ್ತಿದ್ದೆ. ಆ ಲೆಕ್ಕ ಈಗ ನಡೆಯಲ್ಲ.”

ಮೊದಲು ನನ್ನನ್ನೇ ಹಿಂದೆ ಕೂರಿಸಿಕೊಂಡು ಸುತ್ತಿದ. ಹಂಪ್ ಬಂದಾಗಲೆಲ್ಲ “ಏನನ್ನಿಸ್ತು?” ಎಂದು ಕೂಗಿ ಕೇಳುತ್ತಿದ್ದ. ನಾನು “ಚೆನ್ನಾಗಿದೆ” ಎಂದರೆ ಸಿಟ್ಟು. “ಚೆನ್ನಾಗಿದೆ ಅಂದರೆ ಏನರ್ಥ? ಹೋಗುವಾಗ ಬಡಿಯಿತಾ, ಏಳುವಾಗ ಎಸೆಯಿತಾ, ಅದನ್ನ ಹೇಳು. ಪುಸ್ತಕ ಅಷ್ಟೊಂದು ಓದಿ ಒಂದು ಮಾತು ಸಿಗಲ್ವಾ ನಿನಗೆ?” ಕೊನೆಗೆ ನಾನು ಅತ್ತಿಗೆಗಿಂತ ತುಂಬಾ ಭಾರ ಎಂದು ನನ್ನನ್ನು ಇಳಿಸಿ, ಮರಳಿನ ಮೂಟೆಗಳನ್ನು ಸೀಟಿಗೆ ಕಟ್ಟಿಕೊಂಡ. ಸ್ಪ್ರಿಂಗಣ್ಣನಿಗೆ ತಲೆ ಕೆಟ್ಟಿದೆ ಎಂದು ಬೀದಿಯವರು ಆಡಿಕೊಂಡರು. ಅವನು ಮೂಟೆ ಹೊತ್ತು ತಿರುಗುತ್ತಲೇ ಇದ್ದ. ಬರುವುದು, ಉಂಗುರ ತಿರುಗಿಸುವುದು, ಮತ್ತೆ ಹೋಗುವುದು.

ಒಂದು ಭಾನುವಾರ ಅವನ ಮನೆಯ ಮುಂದೆ, ಎರಡು ಮೂಟೆ ಕಟ್ಟಿದ ಗಾಡಿಯ ಹಿಂಭಾಗ ಎಷ್ಟು ತಗ್ಗಿದೆ ಎಂದು ಅವನು ಅಳೆಯುತ್ತಿದ್ದ, ನಾನು ಹ್ಯಾಂಡಲ್ ಹಿಡಿದು ಗಾಡಿಯನ್ನು ನೆಟ್ಟಗೆ ನಿಲ್ಲಿಸಿದ್ದೆ. ಅತ್ತಿಗೆ ಕಿಟಕಿಯಿಂದ ನೋಡುತ್ತಿದ್ದರು. ಸ್ವಲ್ಪ ಹೊತ್ತಿಗೆ ಬಾಗಿಲಿಗೆ ಬಂದರು.

“ರೀ, ಆ ಮೂಟೆ ಯಾರು?”

ಅವನು ಅಡಿಪಟ್ಟಿಯಿಂದ ಕಣ್ಣೆತ್ತಲಿಲ್ಲ. “ನೀನು.”

“ಎರಡೂನಾ?”

“ಎರಡೂ ಸೇರಿ.”

“ಇಷ್ಟು ದಪ್ಪ ಇದೀನಾ ನಾನು? ಇವರ ಮುಂದೆ, ಬೀದಿಯವರ ಮುಂದೆ, ನನ್ನನ್ನ ಹೀಗೆ ಹಗ್ಗ ಹಾಕಿ ಕಟ್ಟಿಕೊಂಡು ತಿರುಗ್ತಿದೀರಾ?”

“ನೀನು ಕೂರಲ್ಲ ಅಂದರೆ ಮತ್ತೇನು ಮಾಡಲಿ?”

“ಇಳಿಸ್ರೀ ಅದನ್ನ!”

ಅವನು ಹಗ್ಗ ಬಿಚ್ಚಿ ಮೂಟೆಗಳನ್ನು ಇಳಿಸಿದ. ಅತ್ತಿಗೆ ಸಿಟ್ಟಿನಲ್ಲೇ ಮೆಟ್ಟಿಲಿಳಿದು ಬಂದು, ನನ್ನ ಭುಜ ಹಿಡಿದು, ಡಾಕ್ಟರು ಹೇಳಿದ್ದ ಹಾಗೆ ಎರಡೂ ಕಡೆ ಕಾಲು ಹಾಕಿ ಕೂತರು. “ನೋಡಿ, ಅಳೆಯಿರಿ. ಮೂಟೆಗಿಂತ ಜಾಸ್ತಿ ಬಂದರೆ ಕೇಳಿ.” ಅವನೂ ಮುಂದೆ ಹತ್ತಿ ಕೂತ. ಮೂಟೆಗಳ ಜೊತೆ ಅವನು ಕೂತಾಗಿನ ತಗ್ಗನ್ನು ನಾವು ಮೊದಲೇ ಅಳೆದಿಟ್ಟಿದ್ದೆವು. ಅಡಿಪಟ್ಟಿಯನ್ನು ನನ್ನ ಕೈಗೆ ಕೊಟ್ಟಿದ್ದ, ಅಳೆದು ಅವನ ಕಿವಿಯಲ್ಲಿ ಹೇಳಿದೆ.

“ಎಷ್ಟಂತೆ?” ಎಂದರು ಅತ್ತಿಗೆ.

“ಮೂಟೆಗಿಂತ ಕಮ್ಮಿ ಕಣೇ.”

“ಸುಳ್ಳು ಹೇಳ್ತಿದೀರ.”

“ಇಲ್ಲ ಅತ್ತಿಗೆ, ನಿಜ,” ಎಂದೆ. ನಿಜವೇ ಆಗಿತ್ತು. ಅವರು ಕಾಯಿಲೆಯಲ್ಲಿ ಅಷ್ಟು ಇಳಿದುಹೋಗಿದ್ದರು. ಅದು ಅವನಿಗೂ ಆಗ ಗೊತ್ತಾಯಿತು. ಅವನು ಮುಂದಕ್ಕೆ ನೋಡುತ್ತ ಕೂತೇ ಇದ್ದ, ಬೇಗ ಇಳಿಯಲಿಲ್ಲ.

ಆ ದಿನ ಗಾಡಿ ಹೊರಡಲಿಲ್ಲ. ಅತ್ತಿಗೆಯ ತೂಕಕ್ಕೆ ಸರಿಯಾಗಿ ಅವನು ಸ್ಪ್ರಿಂಗನ್ನು ಮತ್ತೆ ಬದಲಿಸಿದ. ಆ ವಾರದಲ್ಲಿ ಅವರು ಬೀದಿಯ ಕೊನೆಯವರೆಗೆ ಹೋಗಿ ಬಂದರು, ಆಮೇಲೆ ಹಾಲಿನ ಅಂಗಡಿಯವರೆಗೆ. ಶಾಲೆಯ ಹಂಪ್ ಕಡೆಗೆ ಮಾತ್ರ ಅತ್ತಿಗೆ ಬೇಡ ಎನ್ನುತ್ತಿದ್ದರು. ಅದನ್ನು ದಾಟದೆ ತಂಗಿಯ ಮನೆಗೆ ದಾರಿಯಿಲ್ಲ.

ಗುರುವಾರದ್ದನ್ನು ಅತ್ತಿಗೆಯೇ ನನಗೆ ಹೇಳಿದರು. ಬೆಳಿಗ್ಗೆ ತಿಂಡಿಯಾದ ಮೇಲೆ ಅವರಾಗಿಯೇ “ಶಾಲೆ ಕಡೆ ಹೋಗೋಣ” ಎಂದರಂತೆ. ಅವನು ಕೀ ತೆಗೆದುಕೊಂಡ. ಹಂಪ್ ಹತ್ತಿರ ಬಂದಾಗ ಅತ್ತಿಗೆ ಅವನ ಅಂಗಿಯನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣು ಮುಚ್ಚಿಕೊಂಡರು. ಗಾಡಿ ಹತ್ತಿತು, ಇಳಿಯಿತು. ಬಡಿಯಲಿಲ್ಲ.

ಮನೆಗೆ ವಾಪಸಾಗಿ ಇಳಿದ ಮೇಲೆ ಅವನು ಕೇಳಿದ, “ಏನನ್ನಿಸ್ತು?”

“ಹೋಗುವಾಗ ಏನೂ ಆಗಲಿಲ್ಲ. ದಾಟಿದ ಮೇಲೆ ಒಂದು ಸಲ ಮೇಲಕ್ಕೆ ಎತ್ತಿದ ಹಾಗಾಯ್ತು. ಸ್ವಲ್ಪ.”

ಅವನಿಗೆ ಖುಷಿಯೋ ಖುಷಿ. “ನೋಡು, ಆ ಪುಸ್ತಕದವನಿಗೆ ಇಷ್ಟು ಹೇಳೋಕೆ ಬರಲಿಲ್ಲ,” ಎಂದನಂತೆ. ಸ್ಪ್ರಿಂಗು ವಾಪಸ್ ಏಳುವಾಗ ಎಣ್ಣೆ ಇನ್ನೊಂದಿಷ್ಟು ತಡೆಯಬೇಕು, ಅಷ್ಟೇ. ಶಾಕಪ್ಪಿನ ಕೆಳಗೆ ಅದಕ್ಕೆಂದೇ ಪುಟ್ಟ ತಿರುಪು ಇರುತ್ತದೆ. ಕೈಗೆ ಅಡ್ಡ ಬರುವ ಹಿಂದಿನ ಫುಟ್‌ರೆಸ್ಟುಗಳನ್ನು ಮಡಚಿ, ಕುಕ್ಕರಗಾಲಲ್ಲಿ ಕೂತು ಎಡಗಡೆಯದನ್ನು ಒಂದಿಷ್ಟು, ಬಲಗಡೆಯದನ್ನೂ ಅಷ್ಟೇ ತಿರುಗಿಸಿದ. ಎದೆ ಉಜ್ಜಿಕೊಂಡ. ಏನ್ರೀ ಎಂದು ಕೇಳಿದ್ದಕ್ಕೆ, ಬಗ್ಗಿದ್ದಕ್ಕೆ ಹಿಡ್ಕೊಂಡಿದೆ ಎಂದ.

“ಹಾಗಾದರೆ ತಂಗಿಗೆ ಫೋನ್ ಮಾಡ್ತೀನಿ, ಬರ್ತಿದೀವಿ ಅಂತ,” ಎಂದು ಅತ್ತಿಗೆ ಒಳಗೆ ಹೋದರು. ಬಾಗಿಲಿಂದ ಒಮ್ಮೆ ತಿರುಗಿ ನೋಡಿದರಂತೆ. ಅವನು ಹಿಂದಿನ ಸೀಟಿನ ಫುಟ್‌ರೆಸ್ಟುಗಳನ್ನು ಬಿಡಿಸುತ್ತಿದ್ದ. ಒಂದನ್ನು ಬಿಡಿಸಿ, ಗಾಡಿ ಸುತ್ತಿ ಬಂದು ಇನ್ನೊಂದನ್ನೂ ಬಿಡಿಸಿ, ಅದರ ಮೇಲಿನ ಧೂಳನ್ನು ಅಂಗಿಯ ತೋಳಿನಿಂದ ಒರೆಸಿದ.