ಕಾಣದಷ್ಟು ಚೊಕ್ಕ ಗಾಜು

ಆ ಕಚೇರಿಯ ಎರಡು ಕಟ್ಟಡಗಳ ನಡುವೆ ಓಡಾಡಲು ಉದ್ದನೆಯ ಗಾಜಿನ ಓಣಿಯೊಂದಿತ್ತು. ಅದನ್ನು ಒರೆಸುವ ಕೆಲಸ ಅಕ್ಕನದು. ಚಿಕ್ಕವರು, ದೊಡ್ಡವರು ಎಲ್ಲರಿಗೂ ಅವಳು ಅಕ್ಕನೇ. ಗಂಡ ಹೋದ ಮೇಲೆ ಅತ್ತೆ ಸೊಸೆ ಇಬ್ಬರ ಹೊಟ್ಟೆ ಹೊರೆದದ್ದು ಅವಳ ಕೈಯಲ್ಲಿನ ಒದ್ದೆ ಬಟ್ಟೆ. ಅವಳು ಒರೆಸಿದ ಗಾಜು ಇದೆಯೋ ಇಲ್ಲವೋ ತಿಳಿಯುತ್ತಿರಲಿಲ್ಲ. ಒಮ್ಮೆ ದೊಡ್ಡ ಸಾಹೇಬರೇ ಗಾಜಿಗೆ ಹಣೆ ಬಡಿಸಿಕೊಂಡು, "ಭಲೇ ಅಕ್ಕ!" ಎಂದಿದ್ದರು. ಹೊಗಳಿ ಹೊನ್ನಶೂಲಕ್ಕೇರಿಸುವುದು ಎಂದರೆ ಇದೇ. ಅಂದಿನಿಂದ ಅವಳು ಇನ್ನಷ್ಟು ಉಜ್ಜಿದಳು.

ಓಣಿ ಎದ್ದ ಜಾಗದಲ್ಲಿ ಹಿಂದೆ ಮರಗಳ ಸಾಲಿತ್ತು. ಮನುಷ್ಯರು ಅದನ್ನು ಮರೆತಿದ್ದರು, ಹಕ್ಕಿಗಳು ಮರೆತಿರಲಿಲ್ಲ. ಹಳೆಯ ದಾರಿಯಲ್ಲೇ ಹಾರಿ ಬಂದು ಗಾಜಿಗೆ ಬಡಿದು ಬೀಳುತ್ತಿದ್ದವು. ಬಿದ್ದ ಹಕ್ಕಿಗಳು ಬಂದವರ ಕಣ್ಣಿಗೆ ಕಾಣಬಾರದು ಎಂದು ಸೂಪರ್‌ವೈಸರನ ಕಟ್ಟಪ್ಪಣೆ. ಕಚೇರಿ ತೆರೆಯುವ ಮುಂಚೆಯೇ ಅಕ್ಕ ಅವನ್ನು ಗುಡಿಸಿ ಕಸದ ಚೀಲಕ್ಕೆ ತುಂಬಿ, ಬಿಗಿಯಾಗಿ ಗಂಟು ಹಾಕುತ್ತಿದ್ದಳು.

ಮನೆಯಲ್ಲಿ ಅತ್ತೆ ಅಂಗಳದ ಗೋಡೆಯ ಮೇಲೆ ಕಾಳು ಚೆಲ್ಲಿ ಕಾಯುತ್ತಿದ್ದಳು. "ಹಕ್ಕಿಗಳೇ ಬರ್ತಿಲ್ವಲ್ಲೇ, ಯಾವ ಪಾಪಿ ಕಣ್ಣು ಬಿತ್ತೋ!" ಎನ್ನುವಳು. ಅಕ್ಕ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ.

ಒಂದು ಬೆಳಿಗ್ಗೆ ಗಂಟು ಹಾಕಿದ ಚೀಲದಲ್ಲಿ ಪರಪರ ಸದ್ದಾಯಿತು. ಇಲಿ ಇರಬೇಕೆಂದು ಬಿಚ್ಚಿದರೆ, ಹಸಿರು ಹಕ್ಕಿಯೊಂದು ಅವಳ ಮುಖಕ್ಕೇ ರೆಕ್ಕೆ ಬಡಿದು ಹಾರಿಹೋಯಿತು. ಅಕ್ಕ ನಕ್ಕುಬಿಟ್ಟಳು. ನಗು ಅರ್ಧದಲ್ಲೇ ನಿಂತಿತು. ಅದು ಸತ್ತಿರಲಿಲ್ಲ, ಬರೀ ಎಚ್ಚರ ತಪ್ಪಿತ್ತು. ಹಾಗಾದರೆ ಇಷ್ಟು ವರ್ಷ ಕಟ್ಟಿದ ಚೀಲಗಳಲ್ಲಿ ಇದ್ದವುಗಳಲ್ಲಿ ಎಷ್ಟಕ್ಕೆ ಜೀವವಿತ್ತೋ? ನಾಚಿಕೆಯಿಂದ ಅವಳು ಕುಗ್ಗಿಹೋದಳು.

ಸಂಜೆ ಅತ್ತೆಗೆ ಎಲ್ಲ ಹೇಳಿದಳು. "ಜೀವ ಇರೋವನ್ನೂ ಕಟ್ಟಿದೀನಿ ಅನ್ಸುತ್ತೆ ಅತ್ತೆ."

ಅತ್ತೆ ಸಮಾಧಾನ ಹೇಳಲಿಲ್ಲ. "ಮುಟ್ಟಿ ನೋಡೋಕೆ ಎಷ್ಟು ಹೊತ್ತು ಬೇಕಿತ್ತೇ?" ಎಂದಳು. ಬೈದಿದ್ದರೇ ವಾಸಿಯಿತ್ತು.

ಮರುದಿನ ಅಕ್ಕ ಸೋಪನ್ನು ದಪ್ಪಗೆ ಕಲಸಿ ಗಾಜಿನ ಹೊರಮೈ ತುಂಬ ಬೆರಳಿನಿಂದ ಚುಕ್ಕಿ ಇಟ್ಟಳು. ಸೂಪರ್‌ವೈಸರ್ ಹೌಹಾರಿದ.

"ಏನಕ್ಕಾ ಇದು, ಗಾಜಿಗೆ ಸಿಡುಬು ಎದ್ದಿದೆಯಾ? ಒರೆಸು!"

"ಒರೆಸಲ್ಲ ಸಾರ್. ಹಕ್ಕಿ ಸಾಯ್ತವೆ."

ಹಿಂದೆ ಹೊಗಳಿದ್ದವರೇ ನಿಂತು ನಕ್ಕರು. ಅವಳ ಕಿವಿ ಬಿಸಿಯಾಯಿತು. ಆದರೂ ಬಟ್ಟೆ ಮುಟ್ಟಲಿಲ್ಲ.

ಅಷ್ಟರಲ್ಲಿ ಹಕ್ಕಿಗಳ ಗುಂಪೊಂದು ಬಂತು. ಚುಕ್ಕಿಗಳ ಹತ್ತಿರ ಬಂದದ್ದೇ ಸರ್ರನೆ ಮೇಲಕ್ಕೆ ತಿರುಗಿತು. ಒಂದು ಮಾತ್ರ ಅಕ್ಕನ ಕೈಗೆ ನಿಲುಕದೆ ಉಳಿದಿದ್ದ ಮೇಲಿನ ಗಾಜಿಗೆ ಬಡಿದು ಕೆಳಗೆ ಬಿತ್ತು.

"ಬೇಗ ಚೀಲಕ್ಕೆ ಹಾಕು," ಎಂದ ಸೂಪರ್‌ವೈಸರ್.

ಅಕ್ಕ ಅದನ್ನು ಎತ್ತಿಕೊಂಡಳು. "ಬೆಚ್ಚಗಿದೆ ಸಾರ್," ಎಂದು ಬಾಗಿಲ ಮೆಟ್ಟಿಲ ಮೇಲೆಯೇ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ಬಂದವರು, ಹೋದವರು ಎಲ್ಲರೂ ನೋಡಿದರು. ಇಷ್ಟು ವರ್ಷ ಮುಚ್ಚಿಟ್ಟದ್ದನ್ನು ಹೀಗೆ ಹರವಿಕೊಂಡು ಕೂರಲು ಅವಳಿಗೆ ಪ್ರಾಣ ಹೋದಷ್ಟು ನಾಚಿಕೆ. ಆದರೂ ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಕ್ಕಿ ತಣ್ಣಗಾಯಿತು. ಅಕ್ಕ ಎಲ್ಲರೆದುರೇ ಅತ್ತಳು.

ಆಮೇಲೆ ಕಣ್ಣೊರೆಸಿಕೊಂಡು ಎದ್ದು, "ಏಣಿ ಕೊಡಿ ಸಾರ್, ಮೇಲೂ ಇಡಬೇಕು," ಎಂದಳು.

ಸೂಪರ್‌ವೈಸರ್ ಗೊಣಗುತ್ತಲೇ ಏಣಿ ತಂದ. ಅವಳು ಹತ್ತುವಾಗ ಅದು ಅಲುಗದಂತೆ ಹಿಡಿದುಕೊಂಡು ನಿಂತ.